ನೀರಿನ ವರದಿ ಸಾಲದು, ಅಳಿವೆಯ ಕೆಸರನ್ನೂ ನೋಡಿ

ಹೊಳೆಯಲ್ಲಿ ಮೀನು ಸತ್ತು ತೇಲಿದರೆ ಮುಂದೆ ಆಗುವುದು ಎಲ್ಲರಿಗೂ ಗೊತ್ತು. ಅಧಿಕಾರಿಗಳು ಬರುತ್ತಾರೆ, ಕ್ಯಾನಿನಲ್ಲಿ ನೀರು ತುಂಬಿಸಿಕೊಂಡು ಹೋಗುತ್ತಾರೆ, ತಿಂಗಳೊಪ್ಪತ್ತಿನಲ್ಲಿ ವರದಿ ಬರುತ್ತದೆ: ಸೀಸ, ಕ್ಯಾಡ್ಮಿಯಂ, ಪಾದರಸ ಎಲ್ಲವೂ ಮಿತಿಯೊಳಗೇ ಇವೆ. ವರದಿಯಲ್ಲಿ ಸುಳ್ಳೇನೂ ಇರಬೇಕಾಗಿಲ್ಲ. ಭಾರಲೋಹದ ಮಟ್ಟಿಗೆ ಅಳಿವೆಯ ನೀರನ್ನಷ್ಟೇ ಪರೀಕ್ಷಿಸುವುದೆಂದರೆ, ವಸ್ತುವನ್ನು ಅದು ಇಲ್ಲದ ಜಾಗದಲ್ಲಿ ಹುಡುಕಿ ಸಿಗಲಿಲ್ಲ ಎಂದು ಬರೆದುಕೊಟ್ಟಂತೆ.

ಲೋಹ ಇರುವುದು ಕೆಳಗೆ, ಕೆಸರಿನಲ್ಲಿ. ಒಂದು ಲೀಟರ್ ನೀರಿನಲ್ಲಿ ಸೀಸ ಒಂದೆರಡು ಮೈಕ್ರೋಗ್ರಾಂ ಸಿಕ್ಕ ಕಡೆ, ಅದರಡಿಯ ಒಂದು ಕಿಲೋ ಒಣ ಕೆಸರಿನಲ್ಲಿ ಹತ್ತಾರು ಸಾವಿರ ಪಟ್ಟು ಸಿಗುವುದು ಅಪರೂಪವಲ್ಲ. ಚರಂಡಿಯ ಕೊಳೆಯಾದರೆ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ, ಕೀಟನಾಶಕ ವರ್ಷಗಳಲ್ಲಾದರೂ ಒಡೆದೀತು. ಪಾದರಸ, ಸೀಸ, ಕ್ಯಾಡ್ಮಿಯಂ, ತಾಮ್ರ, ಸತು, ಕ್ರೋಮಿಯಂ ಇವು ಮೂಲಧಾತುಗಳು. ರೂಪ ಬದಲಿಸುತ್ತವೆ, ಜಾಗ ಬದಲಿಸುತ್ತವೆ, ಇಲ್ಲವಾಗುವುದಿಲ್ಲ.

ಅವು ಕೆಸರಿಗೆ ಇಳಿಯುವ ಬಗೆಯನ್ನು ಮೊದಲು ನೋಡೋಣ. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಹೊಳೆ ಕೆಂಪಗೆ ಹರಿಯುತ್ತದಲ್ಲ, ಆ ಕೆಂಪು ಜೇಡಿಮಣ್ಣಿನ ಕಣಗಳದ್ದು. ಈ ಕಣಗಳ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಧನ ಅಂಶದ ಲೋಹದ ಅಯಾನುಗಳು ಬಂದು ಅಂಟಿಕೊಳ್ಳುತ್ತವೆ. ಎಲ್ಲ ಕಣಗಳದ್ದೂ ಒಂದೇ ಬಗೆಯ ಅಂಶವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತಾ ತೇಲಿಕೊಂಡೇ ಬರುತ್ತವೆ. ಅಳಿವೆಯಲ್ಲಿ ಉಪ್ಪುನೀರು ಸೇರಿತೋ, ಸೋಡಿಯಂ, ಮೆಗ್ನೀಸಿಯಂ ಅಯಾನುಗಳು ಮುತ್ತಿಕೊಂಡು ಈ ತಳ್ಳಾಟ ನಿಂತುಹೋಗುತ್ತದೆ. ಹಾಲಿಗೆ ನಿಂಬೆಹುಳಿ ಹಿಂಡಿದಾಗ ಒಡೆದು ಗಟ್ಟಿ ಬೇರೆಯಾಗುವ ಹಾಗೆ ಕಣಗಳು ಗುಪ್ಪೆಗಟ್ಟಿ ಕೆಳಗಿಳಿಯುತ್ತವೆ, ಅಂಟಿಕೊಂಡ ಲೋಹದ ಸಮೇತ. ಇದಕ್ಕೆ ಸಮುದ್ರದಷ್ಟು ಉಪ್ಪು ಬೇಕಾಗಿಲ್ಲ. ಅದರ ಹತ್ತರಲ್ಲೊಂದು ಪಾಲಿದ್ದರೂ ಸಾಕು. ಇಡೀ ನದಿ ಕಣಿವೆಯಲ್ಲಿ ಚದುರಿಹೋಗಿದ್ದ ಲೋಹ ಕೆಲವೇ ಕಿಲೋಮೀಟರ್ ಉದ್ದದ ಅಳಿವೆಯಲ್ಲಿ ಒಟ್ಟುಗೂಡುವುದು ಹೀಗೆ.

ಎಲ್ಲ ಲೋಹಗಳೂ ಇಷ್ಟು ಸಲೀಸಾಗಿ ಕೂರುವುದಿಲ್ಲ. ಕ್ಯಾಡ್ಮಿಯಂ ತುಸು ಬೇರೆ ಜಾತಿ. ಉಪ್ಪಿನ ಕ್ಲೋರೈಡ್ ಕಂಡರೆ ಅದು ಮಣ್ಣಿನ ಕಣವನ್ನು ಬಿಟ್ಟು ಕ್ಲೋರೈಡ್ ಜೊತೆ ಸೇರಿ ನೀರಿಗೆ ಬರುತ್ತದೆ. ಹಾಗಾಗಿ ಸಿಹಿನೀರಿನ ಕೆಸರಿನಲ್ಲಿ ತೆಪ್ಪಗಿದ್ದ ಕ್ಯಾಡ್ಮಿಯಂ ಬೇಸಿಗೆಯಲ್ಲಿ ಉಪ್ಪುನೀರು ಮೇಲಕ್ಕೇರಿದಾಗ ಸಡಿಲಗೊಳ್ಳಬಹುದು. ಮಳೆಗಾಲದಲ್ಲಿ ತೆಗೆದ ಮಾದರಿಯನ್ನೂ ಏಪ್ರಿಲಿನಲ್ಲಿ ತೆಗೆದ ಮಾದರಿಯನ್ನೂ ಒಂದೇ ಎಂದು ಹೋಲಿಸುವವರು ಇದನ್ನು ಗಮನಿಸಬೇಕು.

ಇಳಿತದ ಹೊತ್ತಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಹೋಗಿ ಗುದ್ದಲಿಯಿಂದ ಒಂದು ಹೆಂಟೆ ಕೆಸರು ಎತ್ತಿದರೆ ಉಳಿದ ಕತೆ ಬಣ್ಣದಲ್ಲೇ ಕಾಣುತ್ತದೆ. ಮೇಲಿನ ಕೆಲವೇ ಮಿಲಿಮೀಟರ್ ಕಂದು. ಅಲ್ಲಿ ಆಮ್ಲಜನಕವಿದೆ, ಕಬ್ಬಿಣ ತುಕ್ಕಿನ ರೂಪದಲ್ಲಿದೆ, ಆ ತುಕ್ಕಿಗೆ ತಾಮ್ರ, ಸೀಸ, ಆರ್ಸೆನಿಕ್ ಅಂಟಿಕೊಂಡಿವೆ. ಅದರ ಕೆಳಗೆ ಬೂದು, ಮತ್ತೂ ಕೆಳಗೆ ಕಡುಕಪ್ಪು. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಡಿಯುತ್ತದೆ. ಅಲ್ಲಿ ಆಮ್ಲಜನಕ ಮುಗಿದಿದೆ. ಸಮುದ್ರದ ನೀರಿನ ಸಲ್ಫೇಟನ್ನು ಉಸಿರಾಡಲು ಬಳಸುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತಿವೆ. ವಾಸನೆ ಅದರದ್ದು, ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದ್ದು. ತಾಮ್ರ, ಸತು, ಸೀಸ, ಕ್ಯಾಡ್ಮಿಯಂ ಎಲ್ಲವೂ ಈ ಸಲ್ಫೈಡಿನೊಂದಿಗೆ ಸೇರಿ ಕರಗದ ಹರಳಾಗುತ್ತವೆ. ಕರಗದ್ದನ್ನು ಜೀವಿಗಳು ಹೀರಲಾರವು. ಜನ ಮೂಗು ಮುಚ್ಚಿಕೊಳ್ಳುವ ಈ ಕಪ್ಪು ಕೆಸರೇ ಲೋಹವನ್ನು ಕಟ್ಟಿಹಾಕಿಟ್ಟಿದೆ. ಇದನ್ನು ಕಲಕಬಾರದು ಎನ್ನುವುದಕ್ಕೆ ಕಾರಣವೂ ಇದೇ.

ಆದರೆ ಕೆಸರಿನಲ್ಲಿ ವಾಸಿಸುವವರು ಕಲಕದೆ ಇರುವುದಿಲ್ಲ. ಹುಳು ಬಿಲ ತೋಡುತ್ತದೆ, ಬಿಲದೊಳಗೆ ನೀರು ಆಡಿಸುತ್ತದೆ. ಏಡಿ ಅಡಿಯ ಮಣ್ಣನ್ನು ಮೇಲೆ ತಂದು ಹಾಕುತ್ತದೆ. ಬಿಲದ ಗೋಡೆಗುಂಟ ಆಮ್ಲಜನಕ ಒಳಗಿಳಿದು ಸಲ್ಫೈಡ್ ಒಡೆಯುತ್ತದೆ, ಸ್ವಲ್ಪ ಲೋಹ ಬಿಡುಗಡೆಯಾಗುತ್ತದೆ. ಜೊತೆಗೆ ಕೆಸರನ್ನೇ ನುಂಗುವ ಜೀವಿಗಳಿವೆ. ಅವುಗಳ ಹೊಟ್ಟೆಯ ರಸಕ್ಕೆ ನೀರಿಗಿಂತ ಹೆಚ್ಚು ಕರಗಿಸುವ ಶಕ್ತಿ.

ಇದರ ಪರಿಣಾಮವನ್ನು ವಿಜ್ಞಾನಿಗಳು ಹತ್ತಿರದಿಂದ ನೋಡಿದ ಜಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿದೆ. ನಮಗೆ ಅದು ತೀರಾ ಅಪರಿಚಿತ ಊರಲ್ಲ: 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳಿಗೆ ಬಂದ ಬಿಳಿಯ ಗಣಿಗಾರರಲ್ಲಿ ಅನೇಕರು ಕಾರ್ನ್‌ವಾಲ್‌ನವರೇ. ಅವರ ಊರಿನ ತವರ ಮತ್ತು ತಾಮ್ರದ ಗಣಿಗಳ ನೀರು ಕಾರ್ನನ್ ಎಂಬ ಸಣ್ಣ ಹೊಳೆ ಸೇರಿ, ಫಾಲ್ ನದಿಯ ಅಳಿವೆಯ ಒಂದು ಕವಲಾದ ರೆಸ್ಟ್ರಾಂಗೆಟ್ ಕ್ರೀಕಿಗೆ ಬೀಳುತ್ತಿತ್ತು, ಅದೂ ಶತಮಾನಗಳ ಕಾಲ. ಆ ಕ್ರೀಕಿನ ಕೆಸರಿನಲ್ಲಿ ತಾಮ್ರ ಕಿಲೋಗೆ 2000 ಮಿಲಿಗ್ರಾಂ ದಾಟುತ್ತದೆ. ಇದನ್ನು ದಾಟಿದರೆ ಸಮುದ್ರಜೀವಿಗಳಿಗೆ ಹಾನಿಯ ಸಾಧ್ಯತೆ ಹೆಚ್ಚು ಎಂದು ಅಮೆರಿಕದ ಸಾಗರ ಸಂಸ್ಥೆ ನೋವಾ ಬಳಸುವ ಮಾರ್ಗಸೂಚಿಯ ಮಟ್ಟ 270. ಲೆಕ್ಕದ ಪ್ರಕಾರ ಅಲ್ಲಿ ಹೆಚ್ಚೇನೂ ಬದುಕಬಾರದು.

ಆದರೂ ಅಲ್ಲಿ ಹುಳುಗಳಿವೆ. ಗಾಳಕ್ಕೆ ಸಿಕ್ಕಿಸುವ, ಮೈತುಂಬ ಕಾಲುಗಳ ರ‍್ಯಾಗ್‌ವರ್ಮ್ ಎಂಬ ಸಾಮಾನ್ಯ ಕೆಸರುಹುಳು. ಪ್ಲಿಮತ್‌ನ ಸಾಗರ ಪ್ರಯೋಗಾಲಯದ ಬ್ರಯಾನ್ ಮತ್ತು ಹಮ್ಮರ್‌ಸ್ಟೋನ್ 1971ರಲ್ಲಿ ತೋರಿಸಿದ್ದು ಇದನ್ನು: ಸ್ವಚ್ಛ ಅಳಿವೆಯ ಹುಳುಗಳನ್ನು ಕೊಲ್ಲುವಷ್ಟು ತಾಮ್ರದ ನೀರಿನಲ್ಲೂ ರೆಸ್ಟ್ರಾಂಗೆಟ್ಟಿನ ಹುಳುಗಳು ತಾಳಿಕೊಳ್ಳುತ್ತವೆ. ಅವುಗಳ ಮೈಯಲ್ಲಿ ತಾಮ್ರ, ಒಣತೂಕದ ಲೆಕ್ಕದಲ್ಲಿ, ಕಿಲೋಗೆ ಸಾವಿರ ಮಿಲಿಗ್ರಾಂ ಆಸುಪಾಸು. ಒಳಗೆ ಬಂದ ತಾಮ್ರವನ್ನು ಸಣ್ಣ ಹರಳುಗಳಾಗಿ ಕಟ್ಟಿ ಚರ್ಮದ ಜೀವಕೋಶಗಳಲ್ಲಿ ಇರಿಸಿಕೊಳ್ಳುವುದು ಅವುಗಳ ಉಪಾಯ. ತಲೆಮಾರುಗಳ ಆಯ್ಕೆಯಿಂದ ಬಂದ ಈ ಗುಣ ಮರಿಗಳಿಗೂ ಇಳಿಯುತ್ತದೆ ಎಂದು ನಂತರದ ಅಧ್ಯಯನಗಳು ತಿಳಿಸಿದವು.

ಇದನ್ನು ಓದಿ, ಪ್ರಕೃತಿ ಹೇಗಾದರೂ ಹೊಂದಿಕೊಳ್ಳುತ್ತದೆ ಎಂದು ಸಮಾಧಾನ ಪಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹುಳು ಹೊಂದಿಕೊಂಡಿತು, ನಿಜ. ಅಕ್ಕಪಕ್ಕದ ಅಳಿವೆಗಳಲ್ಲಿ ಧಾರಾಳವಾಗಿ ಸಿಗುವ ಕೆಲವು ಚಿಪ್ಪುಮೀನುಗಳು ಅಲ್ಲಿ ಇಲ್ಲ. ಎಳೆಯ ಚಿಪ್ಪುಗಳು ಆ ಕೆಸರಿನಲ್ಲಿ ನೆಲೆ ನಿಲ್ಲಲಾರವು. ಬದುಕಿದ ಹುಳುವೋ ತಾಮ್ರ ತುಂಬಿದ ಗುಳಿಗೆಯಾಗಿದೆ, ಅದನ್ನು ತಿನ್ನುವ ಮೀನಿಗೂ ಹಕ್ಕಿಗೂ ಆ ಹೊಂದಾಣಿಕೆಯ ಗುಣ ಬಂದಿಲ್ಲ. ಫಾಲ್ ಅಳಿವೆಯ ಸಿಂಪಿಗಳ ಮಾಂಸ ತಾಮ್ರದಿಂದ ಹಸಿರಾಗುತ್ತಿತ್ತು ಎನ್ನುವುದೂ ದಾಖಲಾದ ಸಂಗತಿ.

1992ರ ಜನವರಿಯಲ್ಲಿ ಅಲ್ಲಿ ಒಂದು ದೊಡ್ಡ ಅನಾಹುತವಾಯಿತು. ತವರದ ಬೆಲೆ ಬಿದ್ದು ವೀಲ್ ಜೇನ್ ಎಂಬ ಗಣಿ ಹಿಂದಿನ ವರ್ಷ ಮುಚ್ಚಿತ್ತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು, ಬಂಡೆಯ ಪೈರೈಟ್ ಆಮ್ಲವಾಯಿತು. ಒಂದು ದಿನ ತಡೆ ಕಿತ್ತುಹೋಗಿ ಕೋಟಿಗಟ್ಟಲೆ ಲೀಟರ್ ಆಮ್ಲನೀರು, ಕಬ್ಬಿಣ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಹೊತ್ತು ಹೊಳೆಗೆ ನುಗ್ಗಿತು. ಅಳಿವೆಯೆಲ್ಲ ಕಿತ್ತಳೆ ಬಣ್ಣ. ಆ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೆ ಆ ತಳದಲ್ಲಿ ಯಾವ ಜೀವಿ ಇರಬೇಕು, ಯಾವುದು ಇರಬಾರದು ಎಂದು ತೀರ್ಮಾನಿಸಿದ್ದು ಆ ಒಂದು ದಿನದ ಕಿತ್ತಳೆ ನೀರಲ್ಲ, ಅದಕ್ಕೂ ಮುಂಚೆ ಸದ್ದಿಲ್ಲದೆ ಕೂತಿದ್ದ ತಾಮ್ರ.

ಲೋಹ ಜೀವಿಯ ಒಳಗೆ ಹೋಗಿ ಮಾಡುವುದೇನು? ತಾಮ್ರ, ಸತು ಜೀವಕ್ಕೆ ಬೇಕಾದ ಲೋಹಗಳೇ. ಏಡಿ, ಸಿಗಡಿಗಳ ರಕ್ತದಲ್ಲಿ ಆಮ್ಲಜನಕ ಸಾಗಿಸುವುದು ಕಬ್ಬಿಣವಲ್ಲ, ತಾಮ್ರ. ಅದಕ್ಕೇ ಅವುಗಳ ರಕ್ತ ನೀಲಿಛಾಯೆ. ಅತಿಯಾದರೆ ಅದೇ ತಾಮ್ರ ಕಿವಿರುಗಳಲ್ಲಿ ಸೋಡಿಯಂ ಹೀರುವ ಕೆಲಸಕ್ಕೆ ಅಡ್ಡಬರುತ್ತದೆ. ಉಪ್ಪು ದಿನಕ್ಕೆರಡು ಸಲ ಏರಿಳಿಯುವ ಅಳಿವೆಯಲ್ಲಿ ಈ ಕೆಲಸ ಕೆಟ್ಟರೆ ಬದುಕುವುದು ಕಷ್ಟ. ಮೀನಿನ ಮೂಗಿನ ನರಗಳಿಗೂ ತಾಮ್ರ ಏಟು ಕೊಡುತ್ತದೆ. ಸಾಲ್ಮನ್ ಮರಿಗಳ ಮೇಲಿನ ಪ್ರಯೋಗಗಳಲ್ಲಿ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಹೆಚ್ಚಾದರೂ ವಾಸನೆ ಹಿಡಿಯುವ ಶಕ್ತಿ ಕುಂದಿದ್ದು ಕಂಡಿದೆ. ವೈರಿಯ ವಾಸನೆ ಹತ್ತದ ಮರಿ ಲೋಹದಿಂದ ಸಾಯುವುದಿಲ್ಲ, ವೈರಿಯ ಬಾಯಿಗೆ ಬೀಳುತ್ತದೆ. ಅದರ ಸಾವು ಯಾವ ವರದಿಯಲ್ಲೂ ಮಾಲಿನ್ಯದ ಲೆಕ್ಕಕ್ಕೆ ಸೇರುವುದಿಲ್ಲ. ದಡಕ್ಕೆ ಸತ್ತ ಮೀನು ಬಂದಿಲ್ಲ, ಆದ್ದರಿಂದ ಹಾನಿಯಿಲ್ಲ ಎನ್ನುವ ವಾದ ನಿಲ್ಲದಿರುವುದು ಇಲ್ಲಿಯೇ. ಹೊಡೆತ ಹೆಚ್ಚು ಬೀಳುವುದು ಮೊಟ್ಟೆ ಮತ್ತು ಮರಿಗಳಿಗೆ, ಮತ್ತು ಅಳಿವೆ ಎನ್ನುವುದೇ ಸಿಗಡಿ, ಏಡಿ, ಎಷ್ಟೋ ಜಾತಿಯ ಮೀನುಗಳು ಮರಿಯಾಗಿ ಬೆಳೆಯುವ ತಾಣ.

ಕ್ಯಾಡ್ಮಿಯಂ, ಪಾದರಸ, ಸೀಸ ಯಾವ ಪ್ರಾಣಿಗೂ ಆಹಾರವಲ್ಲ. ದೇಹ ಇವನ್ನು ಮೆಟಾಲೋಥಯೋನಿನ್ ಎಂಬ ಗಂಧಕಭರಿತ ಪ್ರೋಟೀನಿನಿಂದ ಹಿಡಿದಿಡಲು ನೋಡುತ್ತದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಪತ್ತೆಯಾದ ಈ ಪ್ರೋಟೀನು ಸಿಂಪಿಯಲ್ಲೂ ಇದೆ, ಏಡಿಯಲ್ಲೂ ಇದೆ, ನಮ್ಮಲ್ಲೂ ಇದೆ. ಹಿಡಿದಿಡುವುದೆಂದರೆ ಹೊರಹಾಕುವುದಲ್ಲ. ದಿನವಿಡೀ ನೀರು ಸೋಸಿ ಹೊಟ್ಟೆ ತುಂಬಿಸಿಕೊಳ್ಳುವ ಪಚ್ಚಿಲೆ, ಬಳಚಿನಂಥ ಚಿಪ್ಪುಮೀನುಗಳಲ್ಲಿ ಲೋಹ ಏರುತ್ತ ಹೋಗುವುದು ಹಾಗಾಗಿಯೇ.

ಪಾದರಸದ್ದು ಬೇರೆಯೇ ಅಧ್ಯಾಯ. ಉಳಿದ ಲೋಹಗಳನ್ನು ಕಟ್ಟಿಹಾಕುವ ಆ ಕಪ್ಪು ಕೆಸರಿನ ಬ್ಯಾಕ್ಟೀರಿಯಾಗಳೇ ಪಾದರಸವನ್ನು ಬಿಡಿಸಿಕೊಡುತ್ತವೆ. ಅದಕ್ಕೊಂದು ಮೀಥೈಲ್ ಗುಂಪು ಸೇರಿಸಿ ಮೀಥೈಲ್ ಪಾದರಸ ಮಾಡುತ್ತವೆ. ಇದಕ್ಕೆ ಬೇಕಾದ ಜೋಡಿ ವಂಶವಾಹಿಗಳು ಪತ್ತೆಯಾದದ್ದು 2013ರಲ್ಲಷ್ಟೆ. ಲೋಹರೂಪದ ಪಾದರಸ ನುಂಗಿದರೆ ಬಹುಪಾಲು ಹಾಗೆಯೇ ಹೊರಬೀಳುತ್ತದೆ, ಮೀಥೈಲ್ ಪಾದರಸ ಹಾಗಲ್ಲ: ಊಟದಲ್ಲಿ ಬಂದದ್ದರಲ್ಲಿ ನೂರಕ್ಕೆ 95ರಷ್ಟು ರಕ್ತಕ್ಕೆ ಸೇರುತ್ತದೆ, ಮಿದುಳಿಗೆ ಹೋಗುತ್ತದೆ, ಗರ್ಭದೊಳಗಿನ ಮಗುವಿಗೂ ದಾಟುತ್ತದೆ. ಕೆಸರಿನ ಹುಳುವಿನಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ, ಪ್ರತಿ ಮೆಟ್ಟಿಲಲ್ಲೂ ಅದರ ಸಾಂದ್ರತೆ ಏರುತ್ತದೆ. ತಾಮ್ರ, ಸೀಸ ಹೀಗೆ ಮೆಟ್ಟಿಲೇರುವುದು ಕಡಿಮೆ.

ಜಪಾನಿನ ಮಿನಮಾಟಾ ಬಗ್ಗೆ ಎಲ್ಲರೂ ಕೇಳಿರುತ್ತಾರೆ. 1932ರಿಂದ 1968ರವರೆಗೆ ಚಿಸ್ಸೋ ಕಂಪನಿಯ ಅಸಿಟಾಲ್ಡಿಹೈಡ್ ಘಟಕದ ಪಾದರಸ ಕೊಲ್ಲಿಗೆ ಹರಿಯಿತು. ಅಲ್ಲಿ ಮೀಥೈಲ್ ಪಾದರಸ ಕಾರ್ಖಾನೆಯಲ್ಲೇ ಹುಟ್ಟಿ ಹೊರಬರುತ್ತಿತ್ತು. 1956ರ ಮೇ 1ರಂದು ರೋಗ ಅಧಿಕೃತವಾಗಿ ದಾಖಲಾಯಿತು. ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಮುಂದಿನದು. 1958ರಲ್ಲಿ ಕಂಪನಿ ತ್ಯಾಜ್ಯದ ಕೊಳವೆಯನ್ನು ಬಂದರಿನಿಂದ ಮಿನಮಾಟಾ ನದಿಯ ಅಳಿವೆಗೆ ತಿರುಗಿಸಿತು; ಕೆಲವೇ ತಿಂಗಳಲ್ಲಿ ಅಲ್ಲಿಂದ ಉತ್ತರದ ಊರುಗಳಲ್ಲೂ ರೋಗಿಗಳು ಕಾಣಿಸಿಕೊಂಡರು. ಅಳಿವೆಗೆ ಬಿಟ್ಟದ್ದು ಭರತ ಇಳಿತದೊಂದಿಗೆ ಎರಡೂ ಕಡೆ ಹೋಗುತ್ತದೆ. ಘಟಕ ನಿಂತ ಮೇಲೂ ಕೆಸರು ಉಳಿಯಿತು. 25 ಪಿಪಿಎಂಗಿಂತ ಹೆಚ್ಚು ಪಾದರಸವಿದ್ದ ಸುಮಾರು 15 ಲಕ್ಷ ಘನ ಮೀಟರ್ ಕೆಸರನ್ನು ಎತ್ತಿಯೋ ಮುಚ್ಚಿಯೋ 58 ಹೆಕ್ಟೇರ್ ನೆಲ ಮಾಡಲು 1977ರಿಂದ 1990ರವರೆಗೆ ಹಿಡಿಯಿತು. ಮೀನು ಹೊರಹೋಗದಂತೆ ಕೊಲ್ಲಿಗೆ ಕಟ್ಟಿದ್ದ ಬಲೆ ತೆಗೆದದ್ದು 1997ರಲ್ಲಿ.

ನಮ್ಮ ಕರಾವಳಿಯಲ್ಲಿ ಪಾದರಸದ ಮಾತು ಹೊಸದಲ್ಲ. ಉಪ್ಪುನೀರಿಗೆ ವಿದ್ಯುತ್ ಹರಿಸಿ ಕಾಸ್ಟಿಕ್ ಸೋಡಾ ಮಾಡುವ ಹಳೆಯ ವಿಧಾನದಲ್ಲಿ ಪಾದರಸವೇ ಒಂದು ವಿದ್ಯುದಾಗ್ರ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಸಮುದ್ರದಲ್ಲಿ ಪಾದರಸವನ್ನು ಅಳೆದು ವಿಜ್ಞಾನಿಗಳು 1990ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದಿದ್ದರು. ಈಗ ಈ ಉದ್ಯಮ ಪಾದರಸ ಬಿಟ್ಟು ಪೊರೆಯ ತಂತ್ರಜ್ಞಾನಕ್ಕೆ ಬಂದಿದೆ. ಮಿನಮಾಟಾ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ ಹಳೆಯ ವಿಧಾನಕ್ಕೆ 2025ರ ಗಡುವು ಹಾಕಿತ್ತು. ಇವತ್ತಿನ ಮೂಲಗಳು ಸಣ್ಣವು, ಚದುರಿದವು: ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣ, ಗ್ಯಾರೇಜು ಮತ್ತು ಬ್ಯಾಟರಿ ಅಂಗಡಿಗಳ ತೊಳೆನೀರು, ಎಲೆಕ್ಟ್ರೋಪ್ಲೇಟಿಂಗ್, ಕಲ್ಲಿದ್ದಲ ಹೊಗೆ, ರಂಜಕದ ಗೊಬ್ಬರದಲ್ಲಿರುವ ಕ್ಯಾಡ್ಮಿಯಂ. ಪೆಟ್ರೋಲಿನ ಸೀಸ 2000ದಲ್ಲಿ ನಿಂತರೂ ರಸ್ತೆಬದಿಯ ಮಣ್ಣಿನಲ್ಲಿ ಉಳಿದದ್ದು ಪ್ರತಿ ಮಳೆಗೂ ಅಷ್ಟಿಷ್ಟು ಇಳಿಯುತ್ತದೆ.

ಅಳತೆಯಲ್ಲಿ ನಮ್ಮಲ್ಲೊಂದು ತೊಡಕಿದೆ. ನಮ್ಮದು ಮುರಕಲ್ಲಿನ ಸೀಮೆ. ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಘಟ್ಟದ ಮಣ್ಣಿನಲ್ಲೇ ಸಹಜವಾಗಿ ಹೆಚ್ಚು. ಕೆಸರಿನಲ್ಲಿ ಕ್ರೋಮಿಯಂ ಸಿಕ್ಕಿತೆಂದು ಕಾರ್ಖಾನೆಯ ಕಡೆ ಬೆರಳು ತೋರುವುದೂ ತಪ್ಪು, ಎಲ್ಲವೂ ಘಟ್ಟದಿಂದಲೇ ಬಂತು ಎಂದು ಕೈತೊಳೆದುಕೊಳ್ಳುವುದೂ ತಪ್ಪು. ಇದನ್ನು ಬಿಡಿಸುವ ದಾರಿ ಸರಳವಾಗಿದೆ. ಜೇಡಿಮಣ್ಣಿನಲ್ಲಿ ಅಲ್ಯೂಮಿನಿಯಂ ಸಹಜವಾಗಿ ಇರುತ್ತದೆ, ಮನುಷ್ಯರ ಕಸದಿಂದ ಅದು ಅಷ್ಟಾಗಿ ಏರುವುದಿಲ್ಲ. ಪ್ರತಿ ಲೋಹವನ್ನೂ ಅಲ್ಯೂಮಿನಿಯಂ ಜೊತೆ ಅನುಪಾತ ಹಾಕಿ, ಹೊರಗಿನ ಹೊಲಸು ಕಡಿಮೆಯಿರುವ ಜಾಗದ ಅನುಪಾತಕ್ಕೆ ಹೋಲಿಸಿದರೆ ಎಷ್ಟು ಘಟ್ಟದ್ದು, ಎಷ್ಟು ನಮ್ಮದು ಎಂಬುದು ಹೊರಬೀಳುತ್ತದೆ. ಅಣೆಕಟ್ಟಿಲ್ಲದೆ ಹರಿಯುವ, 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಅಘನಾಶಿನಿಯ ಅಳಿವೆಯನ್ನೇ ಹೋಲಿಕೆಗೆ ಇಟ್ಟುಕೊಳ್ಳಬಹುದೆಂದು ನನಗನ್ನಿಸುತ್ತದೆ. ಲೋಹ ಕೂರುವುದು 63 ಮೈಕ್ರಾನಿಗಿಂತ ಸಣ್ಣ ಕಣಗಳಲ್ಲಿ, ಮರಳಿನಲ್ಲಲ್ಲ. ಜರಡಿ ಹಿಡಿಯದೆ ಮರಳು ಬೆರೆತ ಮಾದರಿ ಕೊಟ್ಟರೆ ಯಾವ ಅಳಿವೆಯೂ ಸ್ವಚ್ಛವೇ. ಕೊಳವೆ ಇಳಿಸಿ ತೆಗೆದ ಉದ್ದ ಮಾದರಿಯಾದರೆ ಮೇಲಿನ ಪದರ ಈಚಿನದು, ಕೆಳಗಿನದು ಹಿಂದಿನದು. ಮಾಲಿನ್ಯ ಏರುತ್ತಿದೆಯೋ ಇಳಿಯುತ್ತಿದೆಯೋ ಅದರಲ್ಲೇ ತಿಳಿಯುತ್ತದೆ. ಅಮೆರಿಕದಲ್ಲಿ 1986ರಿಂದ ಪಚ್ಚಿಲೆ, ಸಿಂಪಿಗಳ ಮಾಂಸವನ್ನೇ ನಿಯಮಿತವಾಗಿ ಪರೀಕ್ಷಿಸುವ ಕಾರ್ಯಕ್ರಮವಿದೆ. ಕೆಸರಿನಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಜೀವಿಯೊಳಗೆ ಎಷ್ಟು ಸೇರಿತು ಎನ್ನುವ ಪ್ರಶ್ನೆಗೆ ಅದು ನೇರ ಉತ್ತರ.

ಹಾಗಾದರೆ ಮೀನು ತಿನ್ನಬಾರದೇ? ತಿನ್ನಬೇಕು. ಬೂತಾಯಿ, ಬಂಗುಡೆಯಂಥ ಸಣ್ಣ ಆಯುಷ್ಯದ ಮೀನುಗಳಲ್ಲಿ ಪಾದರಸ ಕಡಿಮೆ. ಅದಕ್ಕೆ ಹೆದರಿ ಇವನ್ನು ಬಿಡುವುದು ನಷ್ಟ. ಗರ್ಭಿಣಿಯರು, ಎಳೆಯ ಮಕ್ಕಳು ತಾಟೆಯಂಥ ದೊಡ್ಡ ಬೇಟೆಗಾರ ಮೀನುಗಳನ್ನು ಮಿತಿಯಲ್ಲಿಟ್ಟರೆ ಸಾಕು. ಚರಂಡಿ ಬಾಯಿ, ದೋಣಿ ಕಟ್ಟೆಗಳ ಪಕ್ಕದಲ್ಲಿ ಆರಿಸಿದ ಮರುವಾಯಿ, ಪಚ್ಚಿಲೆ ಬೇಡ. ಅವನ್ನು ಒಂದೆರಡು ದಿನ ಶುದ್ಧ ನೀರಿನಲ್ಲಿ ಇಟ್ಟರೆ ಮರಳೂ ಬ್ಯಾಕ್ಟೀರಿಯಾವೂ ಹೋಗುತ್ತವೆ, ಕ್ಯಾಡ್ಮಿಯಂ ಹೋಗಲು ತಿಂಗಳುಗಳು ಬೇಕು. ಕುದಿಸಿದರೂ ಹುರಿದರೂ ಲೋಹಕ್ಕೆ ಏನೂ ಆಗದು. ಇನ್ನು ಏಡಿಯ ಚಿಪ್ಪಿನೊಳಗಿನ ಹಳದಿ-ಕಂದು ಭಾಗ: ಎಷ್ಟೋ ಮನೆಗಳಲ್ಲಿ ಅದಕ್ಕೇ ಪೈಪೋಟಿ. ಅದು ಏಡಿಯ ಯಕೃತ್ತು, ಕ್ಯಾಡ್ಮಿಯಂ ಸೇರುವ ಜಾಗ. ಕಾಲಿನ ಬಿಳಿ ಮಾಂಸದಲ್ಲಿ ಅದು ತೀರಾ ಕಡಿಮೆ. ಮಲಿನ ಹೊಳೆಯ ಏಡಿಯಾದರೆ ಹಳದಿಯನ್ನು ಬಿಡುವುದು ಒಳ್ಳೆಯದು.

ಕೆಸರಿನಲ್ಲಿ ಕೂತದ್ದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಬಹುಪಾಲು ಕಡೆ ಉತ್ತರ ಒಂದೇ: ಮೂಲ ನಿಲ್ಲಿಸಿ, ಮುಟ್ಟದೆ ಬಿಡಿ. ಪ್ರತಿ ಮಳೆಗಾಲದ ಹೊಸ ಹೂಳು ಹಳೆಯದನ್ನು ಮುಚ್ಚುತ್ತದೆ. ಕಪ್ಪು ಕೆಸರನ್ನು ಎತ್ತಿ ನೀರಿನಲ್ಲಿ ಕದಡಿದರೆ ಸಲ್ಫೈಡ್ ಗಂಟೆಗಳಲ್ಲಿ ಒಡೆಯುತ್ತದೆ. ಬಿಡುಗಡೆಯಾದ ಲೋಹದಲ್ಲಿ ಒಂದು ಪಾಲನ್ನು ಹೊಸ ತುಕ್ಕು ಮತ್ತೆ ಹಿಡಿದುಕೊಂಡರೂ ಅಷ್ಟರಲ್ಲಿ ಸುತ್ತಲಿನ ಚಿಪ್ಪುಗಳು ಸೋಸಿ ಒಳಗೆ ಹಾಕಿಕೊಂಡಿರುತ್ತವೆ. ನಮ್ಮ ಅಳಿವೆಗಳಲ್ಲಿ ಮರಳು ದಿಬ್ಬ ತೆರವಿಗೆ ಅನುಮತಿ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ಅದಕ್ಕೆ ಬೇಥಿಮೆಟ್ರಿ ಸರ್ವೆ ಮಾಡಿ ಎಲ್ಲಿ ಎಷ್ಟು ಆಳ ಎಂದು ಅಳೆಯುತ್ತಾರೆ. ಮರಳಿನಲ್ಲಿ ಲೋಹ ಹೆಚ್ಚಿರುವುದಿಲ್ಲ, ಅಪಾಯ ಅದರ ಕೆಳಗೂ ಪಕ್ಕಕ್ಕೂ ಇರುವ ಕೆಸರನ್ನು ಕದಡುವುದರಲ್ಲಿ. ಮೀನುಗಾರಿಕಾ ಬಂದರುಗಳ ಹೂಳೆತ್ತುವಿಕೆಯಲ್ಲಂತೂ ಎತ್ತುವುದೇ ಕೆಸರನ್ನು. ಹೂಳು ತೆಗೆಯದೆ ದೋಣಿ ಒಳಬರಲಾರದು, ಆದ್ದರಿಂದ ತೆಗೆಯಲೇಬೇಡಿ ಎನ್ನುವುದು ಮೀನುಗಾರರಿಗೆ ಮಾಡುವ ಅನ್ಯಾಯ. ತೆಗೆಯುವ ಮೊದಲು ಕೆಸರನ್ನು ಪರೀಕ್ಷಿಸಿ ಎಂದು ಕೇಳಬಹುದು.

ನಿಮ್ಮೂರಿನ ಅಳಿವೆಯಲ್ಲಿ ಹೂಳೆತ್ತುವ ಮಾತು ಬಂದಾಗ ಅಹವಾಲು ಸಭೆಗೆ ಹೋಗಿ, ಕೆಸರಿನ ಲೋಹ ಪರೀಕ್ಷೆಯ ವರದಿ ಕೇಳಿ. ಮಾದರಿ ಎಷ್ಟು ಆಳದ್ದು, ಜರಡಿ ಹಿಡಿದದ್ದೋ ಇಲ್ಲವೋ, ಎತ್ತಿದ ಕೆಸರನ್ನು ಎಲ್ಲಿ ಸುರಿಯುತ್ತಾರೆ, ಬಳಚು ಆರಿಸುವ ಜಾಗ ಅಲ್ಲಿಂದ ಎಷ್ಟು ದೂರ ಎನ್ನುವುದನ್ನೂ ಕೇಳಿ. ನೀರಿನ ವರದಿ ತೋರಿಸಿದರೆ ಅದನ್ನು ಒಪ್ಪಿಕೊಳ್ಳಬೇಡಿ. ಸಭೆಯಲ್ಲಿ ಉತ್ತರ ಸಿಗದಿದ್ದರೆ ಇದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಡಿ ಬರೆದು ಕಳಿಸಿ. 30 ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು.